ಪೊಟರೆ ಬಿದ್ದ ಮರವೂ ಕಾವಲಿನ ಅಟ್ಟವೂ

ಟಿಕೋಟಾ ಹಾಗೂ ಬಬಲೇಶ್ವರ ತಾಲೂಕುಗಳ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವು ಹಾಲುಗಾಳಾದೊಡನೆ ಗಿಳಿ, ಗುಬ್ಬಿ, ಕಬ್ಬಕ್ಕಿಗಳ ಹಿಂಡುಗಳು ಬಂದೆರಗುತ್ತವೆ. ಆಗ ಬದುವಿನ ಬೇವಿನ ಮರಕ್ಕೆ ಅಟ್ಟ ಕಟ್ಟಿ, ಕವಣೆ ಕೊಟ್ಟು ಕಾವಲಿನವರನ್ನು ಕೂಡಿಸುವುದು ಹಿಂದಿನಿಂದ ಬಂದ ರೂಢಿ. ವಿಜಯಪುರ ನಗರದ ಹಿತ್ತಲುಗಳಲ್ಲಿ ಮಕ್ಕಳ ಆಟಕ್ಕೆಂದು ಇಂಥದೇ ಅಟ್ಟ ಕಟ್ಟಿಸುವವರೂ ಉಂಟು. ಹಲಗೆ ಹಗ್ಗಗಳನ್ನು ಎಲ್ಲರೂ ಪರೀಕ್ಷಿಸುತ್ತಾರೆ; ಮರವನ್ನು ಪರೀಕ್ಷಿಸುವವರು ವಿರಳ.

ಕೆಲವು ವರ್ಷಗಳ ಹಿಂದೆ ಜಮೀನದಾರರೊಬ್ಬರು ತಮ್ಮ ಹೊಲದ ಬೇವನ್ನು ತೋರಿಸಿ ನನ್ನ ಅಭಿಪ್ರಾಯವನ್ನು ಕೇಳಿದರು. ಮರವು ಹಚ್ಚಹಸುರಾಗಿತ್ತು. ಕವಲಿನ ಕೆಳಗೆ ಮೂಡಿದ್ದ ಅಣಬೆಯನ್ನು ಕಂಡೂ ನಾನು ಲಕ್ಷಿಸದೆ ‘ಅಡ್ಡಿಯಿಲ್ಲ’ ಎಂದೆನು. ಎರಡನೆಯ ವಾರದಲ್ಲಿ ಕವಲು ಸೀಳಿತು. ಕಾವಲಿದ್ದವನು ಬಿದ್ದು ತೊಡೆಯ ಎಲುಬು ಮುರಿದುಕೊಂಡನು. ಸೀಳಿದಲ್ಲಿ ನೋಡಲಾಗಿ ಒಳಗೆಲ್ಲ ಪುಡಿ.

ಹಸುರೆಲೆಯು ಬಲದ ಗುರುತಲ್ಲವೆಂಬುದನ್ನು ಪಾಟೀಲರೂ ಜಮೀನದಾರರೂ ಮೊದಲು ಮನಗಾಣತಕ್ಕದ್ದು. ಮರದ ಜೀವವಿರುವುದು ತೊಗಟೆಯ ಒಳಮೈಯಲ್ಲಿ ಮತ್ತು ಅದಕ್ಕೆ ಹತ್ತಿದ ಎಳೆಯ ಕಟ್ಟಿಗೆಯಲ್ಲಿ. ನೀರು ಏರುವುದೂ ಅಲ್ಲಿಯೇ. ನಡುವಿನ ಕೆಚ್ಚು ಕೊಳೆತರೂ ಮರವು ಚಿಗುರುತ್ತಲೇ ಇರುತ್ತದೆ. ಆಡುಗಳ ಮೇವಿಗೆಂದು ಕೊಡಲಿಯಿಂದ ಕಡಿದ ಮೋಟುಗಳೇ ಬಹುಮಟ್ಟಿಗೆ ಈ ಕೊಳೆಗೆ ಬಾಗಿಲು. ಹಾವೇರಿ ಜಿಲ್ಲೆಯ ಸವಣೂರಿನ ಪ್ರಸಿದ್ಧವಾದ ಮೂರು ದೊಡ್ಡ ಹುಣಸೆ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಆ ಜಾತಿಯ ಹಳೆಯ ಮರಗಳು ವಿಜಯಪುರದಲ್ಲಿಯೂ ಇವೆ.

ಪರೀಕ್ಷೆ ಸುಲಭ. ಕಟ್ಟಿಗೆಯ ಕೊಡತಿಯಿಂದ ಕಾಂಡವನ್ನು ಸುತ್ತಲೂ ಬಡಿಯಬೇಕು. ಟೊಳ್ಳಿದ್ದಲ್ಲಿ ಸದ್ದು ಬೇರೆಯಾಗುತ್ತದೆ. ಪೊಟರೆಯಿದ್ದರೆ ತೆಳುವಾದ ಸಲಾಕೆಯನ್ನು ಒಳಗಿನಿಂದ ಚುಚ್ಚಿ ನೋಡಬೇಕು. ಗಟ್ಟಿ ಗೋಡೆಯ ದಪ್ಪವು ಕಾಂಡದ ಅರ್ಧವ್ಯಾಸದ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಿರಬಾರದು. ಅಂದರೆ 24 ಅಂಗುಲ ಅಡ್ಡಳತೆಯ ಕಾಂಡಕ್ಕೆ 4 ಅಂಗುಲ. ಪೊಟರೆಯ ಬಾಯಿ ಅಗಲವಾಗಿದ್ದರೆ ಅಷ್ಟನ್ನೂ ನಂಬಲಾಗದು. ಬುಡದಲ್ಲಿ ಅಣಬೆ, ಕವಲಿನಲ್ಲಿ ಬಿರುಕು, ಹೊಸದಾಗಿ ವಾಲಿದ ಕಾಂಡ, ಇವುಗಳಲ್ಲಿ ಒಂದು ಕಂಡರೂ ಆ ಮರಕ್ಕೆ ಭಾರ ಹಾಕಕೂಡದು. ಪೊಟರೆಗೆ ಸಿಮೆಂಟು ತುಂಬುವ ಪದ್ಧತಿ ಹಿಂದೆ ಇದ್ದಿತು. ಅದರಿಂದ ಬಲ ಬರುವುದಿಲ್ಲ, ತೇವ ಮಾತ್ರ ಒಳಗೆ ನಿಲ್ಲುತ್ತದೆ.

ಹಾಗಾದರೆ ಅಟ್ಟ ಬೇಡವೇ? ಬೇಕು, ಆದರೆ ತನ್ನ ಕಾಲ ಮೇಲೆ ತಾನು ನಿಂತಿರಬೇಕು. ಜಾಲಿಯ ನಾಲ್ಕು ಕಂಬಗಳನ್ನು ಕನಿಷ್ಠ 3 ಅಡಿ ಹೂಳಿ, ಹೂಳುವ ತುದಿಗೆ ಡಾಂಬರು ಬಳಿದು, ಸುತ್ತಲೂ ಗರಸು ಹಾಕಿ ಬಡಿಯಬೇಕು. ಎರೆಮಣ್ಣು ಬೇಸಗೆಯಲ್ಲಿ ಬಿರಿಯುವುದರಿಂದ ಬರಿಯ ಮಣ್ಣು ಕಂಬವನ್ನು ಹಿಡಿಯದು. ಕಂಬಗಳ ನಡುವೆ ಓರೆಯಾಗಿ ಆಧಾರ ಕೊಡತಕ್ಕದ್ದು. ತೆನೆಗಳ ಮೇಲೆ ದೃಷ್ಟಿ ಹಾಯುವಷ್ಟು ಎತ್ತರ ಸಾಕು. ಮಕ್ಕಳಿಗಾದರೆ ಇನ್ನೂ ತಗ್ಗಾಗಿರಲಿ, ಸುತ್ತಲೂ ಕಟಕಟೆಯಿರಲಿ.

ಇಂಥ ಅಟ್ಟವನ್ನು ನೆರಳಿನ ಆಸೆಗೆ ಕೊಳೆತ ಮರದ ಕೆಳಗೇ ನಿಲ್ಲಿಸುವವರನ್ನು ಕಂಡಿದ್ದೇನೆ. ಮರ ಉರುಳಿದರೆ ಅದರ ಎತ್ತರದಷ್ಟು ದೂರ ಬೀಳುತ್ತದೆ. ಅಷ್ಟು ದೂರವನ್ನು ಬಿಡಬೇಕು. ಜಾಗವಿಲ್ಲದಿದ್ದರೆ ಮರವನ್ನು ಕಡಿಯಿಸಬೇಕಾದೀತು. ಅದಕ್ಕೆ ಮೊದಲು 1976ರ ವೃಕ್ಷ ಸಂರಕ್ಷಣಾ ಶಾಸನದಂತೆ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಜೋಳ ತೆನೆಗೆ ಬರುವ ಮೊದಲೇ ಈ ಕೆಲಸ ಮುಗಿದಿರಲಿ.