ಗ್ರಂಥಸೂಚಿಯ ಶೋಧನೆಯಲ್ಲಿ ಎಕ್ಸ್‌ಕ್ವೆರಿ: ಪಾಠರಕ್ಷಣೆಯ ದೃಷ್ಟಿಯಿಂದ

ಹಸ್ತಪ್ರತಿಗಳ ಸೂಚಿಯು ಭಂಡಾರದ ಬೀಗದ ಕೈಯಿದ್ದಂತೆ. 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯ ಉಪಕಾರವನ್ನು ವಿದ್ವಾಂಸರು ಬಲ್ಲರು. ಆದರೆ ಯಾವುದೇ ಮುದ್ರಿತ ಸೂಚಿಗೆ ಇರುವುದು ಒಂದೇ ಅನುಕ್ರಮ. ಒಬ್ಬ ಲಿಪಿಕಾರನು ಬರೆದ ಪ್ರತಿಗಳು ಯಾವುವು, ಒಂದು ಶತಮಾನಕ್ಕೆ ಸೇರಿದವು ಎಷ್ಟು ಎಂದು ಕೇಳಿದರೆ ಪುಟಗಳೆಲ್ಲವನ್ನೂ ತಿರುವಿ ನೋಡಬೇಕಾಗುತ್ತದೆ. ಗಣಕಯಂತ್ರದ ನೆರವು ಬೇಕಾಗುವುದು ಇಲ್ಲಿಯೇ.

ಎಕ್ಸ್‌ಎಂಎಲ್ ಎಂಬುದು ಬರೆಹದ ಅಂಗಗಳಿಗೆ ಹೆಸರಿನ ಗುರುತುಗಳನ್ನು ತೊಡಿಸುವ ಕ್ರಮ. 1998ರಲ್ಲಿ ಇದು ಮಾನ್ಯತೆ ಪಡೆಯಿತು. ಗ್ರಂಥನಾಮ, ಕರ್ತೃ, ಗರಿಗಳ ಸಂಖ್ಯೆ, ಸಮಾಪ್ತಿವಾಕ್ಯ, ದೊರೆತ ಸ್ಥಳ ಇವುಗಳಲ್ಲಿ ಪ್ರತಿಯೊಂದೂ ತನ್ನ ಗುರುತಿನೊಳಗೆ ಇರುತ್ತದೆ. ಇಂತಹ ದತ್ತಾಂಶವನ್ನು ಪ್ರಶ್ನಿಸಲು ರೂಪಿಸಿದ ಭಾಷೆಯೇ ಎಕ್ಸ್‌ಕ್ವೆರಿ. ಇದರ ಮೊದಲ ಆವೃತ್ತಿಯು 2007ರಲ್ಲಿಯೂ 3.1ನೆಯ ಆವೃತ್ತಿಯು 2017ರಲ್ಲಿಯೂ ಅಂಗೀಕೃತವಾದುವು. ಈ ಭಾಷೆಯಲ್ಲಿ ಮೊದಲಿನಿಂದಲೇ ಅಡಕವಾಗಿರುವ ಫಂಕ್ಷನ್‌ಗಳು ಅನೇಕ. 'ಕೌಂಟ್' ಎಣಿಸುತ್ತದೆ, 'ಡಿಸ್ಟಿಂಕ್ಟ್-ವ್ಯಾಲ್ಯೂಸ್' ಪುನರುಕ್ತಿಯನ್ನು ಕಳೆದು ಭಿನ್ನವಾದುವನ್ನು ಮಾತ್ರ ಕೊಡುತ್ತದೆ, 'ಕಂಟೇನ್ಸ್' ಒಂದು ಪದವು ವಾಕ್ಯದೊಳಗೆ ಇದೆಯೇ ಎಂದು ಹೇಳುತ್ತದೆ, 'ಟ್ರಾನ್ಸ್‌ಲೇಟ್' ಅಕ್ಷರಕ್ಕೆ ಅಕ್ಷರವನ್ನು ಬದಲಿಸುತ್ತದೆ, 'ರಿಪ್ಲೇಸ್' ಒಂದು ನಿಯಮವನ್ನು ಅನುಸರಿಸಿ ಬದಲಿಸುತ್ತದೆ. ಇವಾವುವೂ ಮೂಲ ಕಡತವನ್ನು ಮುಟ್ಟುವುದಿಲ್ಲ. ಬದಲಾವಣೆಯೆಲ್ಲವೂ ಉತ್ತರದಲ್ಲಿ ಮಾತ್ರ ಕಾಣುತ್ತದೆ. ಪಾಠಸಂಶೋಧಕರಿಗೆ ಅತ್ಯಂತ ಮುಖ್ಯವಾದ ಗುಣ ಇದು.

ಇದರ ಮಹತ್ತ್ವವು ಹಳಗನ್ನಡದ ಉದಾಹರಣೆಗಳಿಂದ ಸ್ಪಷ್ಟವಾಗುತ್ತದೆ. ಓಲೆಪ್ರತಿಗಳಲ್ಲಿ ರೇಫದ ಮುಂದಿನ ವ್ಯಂಜನಕ್ಕೆ ದ್ವಿತ್ವ ಬರುವುದುಂಟು: ಧರ್ಮ್ಮ, ಕರ್ಮ್ಮ, ಸರ್ವ್ವ. ಇಡೀ ಪದವು 'ಧರ್ಮ' ಎಂಬುದಕ್ಕೆ ಸಮವಾಗಿರಬೇಕೆಂದು ಹುಡುಕಿದರೆ 'ಧರ್ಮ್ಮ' ಎಂದಿರುವ ಪ್ರತಿಯು ಯಂತ್ರಕ್ಕೆ ಸಿಕ್ಕುವುದಿಲ್ಲ. ಆದುದರಿಂದ ನಕಲು ಮಾಡುವಾಗಲೇ ಎಲ್ಲವನ್ನೂ 'ಧರ್ಮ' ಎಂದು ತಿದ್ದಿಬಿಡುವ ಆಸೆ ಹುಟ್ಟುತ್ತದೆ. ಇದು ಸಲ್ಲದು. ಓಲೆಯ ಕಾಲವನ್ನೂ ಲಿಪಿಕಾರನ ಅಭ್ಯಾಸವನ್ನೂ ಸೂಚಿಸುವ ಸಾಕ್ಷ್ಯವು ಹಾಗೆ ತಿದ್ದಿದರೆ ಅಳಿದುಹೋಗುತ್ತದೆ. ಅದರ ಬದಲು, ರೇಫದ ಮುಂದೆ ಒಂದೇ ವ್ಯಂಜನವು ಎರಡು ಸಲ ಬಂದಲ್ಲಿ ಒಂದನ್ನು ಬಿಟ್ಟು ಹೋಲಿಸಬೇಕೆಂದು 'ರಿಪ್ಲೇಸ್' ಮೂಲಕ ವಿಧಿಸಬಹುದು. 'ಅರ್ತ್ಥ' ಎಂಬಲ್ಲಿ ಅಲ್ಪಪ್ರಾಣದ ಮೇಲೆ ಮಹಾಪ್ರಾಣವಿರುವುದರಿಂದ ಅದಕ್ಕೆ ಬೇರೆಯ ನಿಯಮ ಬೇಕು.

ಶಕಟರೇಫದ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. 'ಅಱಿ' ಎಂದರೆ ತಿಳಿ. 'ಅರಿ' ಎಂದರೆ ಶತ್ರು. 'ಟ್ರಾನ್ಸ್‌ಲೇಟ್' ಫಂಕ್ಷನ್ನಿನಿಂದ ಱಕಾರಕ್ಕೆ ರಕಾರವನ್ನಿಟ್ಟು ಹುಡುಕಿದಾಗ ಎರಡೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಮೂಲದಲ್ಲಿ ಭೇದವು ಉಳಿದಿದ್ದರೆ ಪಂಡಿತರು ಬೇರ್ಪಡಿಸಬಲ್ಲರು, ನಕಲಿನಲ್ಲಿಯೇ ಅಳಿದಿದ್ದರೆ ಅದಕ್ಕೆ ದಾರಿಯಿಲ್ಲ. ೞಕಾರಕ್ಕಂತೂ ಒಂದೇ ಬದಲಕ್ಷರ ಸಾಲದು. 'ಪೊೞಲ್' ಎಂಬುದು 'ಹೊಳಲು' ಆಗುತ್ತದೆ. ಆದರೆ 'ನೆಗೞ್ತೆ'ಯು 'ನೆಗರ್ತೆ'ಯಾಗಿಯೂ ಬರುತ್ತದೆ. ಮುಂದಿರುವುದು ಸ್ವರವೋ ವ್ಯಂಜನವೋ ಎಂಬುದನ್ನು ನೋಡಿ ನಿಯಮವನ್ನು ಬರೆಯಬೇಕು. ವ್ಯಾಕರಣವನ್ನು ಅರಿಯದವನ ಕೈಯಲ್ಲಿ ಈ ಫಂಕ್ಷನ್ ಕುರುಡು ಉಪಕರಣವೇ ಸರಿ.

ಕಾಲನಿರ್ಣಯದಲ್ಲಿಯೂ ಈ ವಿಧಾನವು ನೆರವಾಗುತ್ತದೆ. ಸಮಾಪ್ತಿವಾಕ್ಯದಲ್ಲಿ ಶಕವರ್ಷವು '೧೩೫೦' ಎಂದು ಕನ್ನಡ ಅಂಕಿಗಳಲ್ಲಿ ಇದ್ದರೆ 'ನಂಬರ್' ಫಂಕ್ಷನ್ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಮೊದಲು 'ಟ್ರಾನ್ಸ್‌ಲೇಟ್' ಮೂಲಕ ಅಂಕಿಗಳನ್ನು ಬದಲಿಸಿಕೊಳ್ಳಬೇಕು. ಬಳಿಕ ಗತಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿದ ಶೇಷವು ಪ್ರಭವಾದಿ ಸಂವತ್ಸರದ ಕ್ರಮಸಂಖ್ಯೆ, ಶೇಷವಿಲ್ಲದಿದ್ದರೆ ಅಕ್ಷಯ. ಗತಶಕ 1350ಕ್ಕೆ ಶೇಷ 42, ಎಂದರೆ ಕೀಲಕ. ವಾಕ್ಯದಲ್ಲಿ ಬೇರೆಯ ಸಂವತ್ಸರವಿದ್ದರೆ ಅಲ್ಲಿ ವರ್ತಮಾನಶಕದ ಎಣಿಕೆಯೋ ಓದಿನ ದೋಷವೋ ಲಿಪಿಕಾರನ ಪ್ರಮಾದವೋ ಇರಬೇಕು. ಸೂಚಿಯಲ್ಲಿನ ಇಂತಹ ನಮೂದುಗಳನ್ನೆಲ್ಲ ಒಂದೇ ಪ್ರಶ್ನೆಯಿಂದ ಆಯ್ದು ತೆಗೆಯಬಹುದು. ಯಂತ್ರವು ತೋರಿಸುವುದು ಪುನಃ ನೋಡಬೇಕಾದ ಓಲೆಯನ್ನು ಮಾತ್ರ, ತೀರ್ಪು ಓದುವವರದು.

ಸ್ಥಳನಾಮಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ದೊರೆತ ಒಂದು ಓಲೆಪ್ರತಿಯು ಹಳೆಯ ಸೂಚಿಯೊಂದರಲ್ಲಿ ಇದೆಯೆಂದು ಭಾವಿಸೋಣ. ಅಲ್ಲಿ ಜಿಲ್ಲೆಯ ಹೆಸರು ಕೋಲಾರವೆಂದಿರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯು ರಚಿತವಾದುದು 2007ರಲ್ಲಿ. ರೈಸ್ ಅವರು 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ'ದ 10ನೆಯ ಸಂಪುಟದಲ್ಲಿಯೂ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ತಾಲ್ಲೂಕುಗಳ ಶಾಸನಗಳೂ ನಂದಿಯ ಗೋಪಿನಾಥ ಬೆಟ್ಟದ ಜೈನಶಾಸನವೂ ಕೋಲಾರ ಜಿಲ್ಲೆಯ ಶೀರ್ಷಿಕೆಯಡಿಯಲ್ಲಿಯೇ ಇವೆ. 'ಚಿಕ್ಕಬಳ್ಳಾಪುರ ಜಿಲ್ಲೆ' ಎಂದು ಹುಡುಕುವವನಿಗೆ ಇವು ಸಿಕ್ಕಬೇಕೆಂದು ಹಳೆಯ ನಮೂದನ್ನು ತಿದ್ದಬೇಕಾಗಿಲ್ಲ. ಪ್ರತಿಯೊಂದು ಊರಿಗೂ ಒಂದು ಸಂಕೇತವನ್ನು ಕೊಟ್ಟು, ಆಯಾ ಕಾಲದ ತಾಲ್ಲೂಕು, ಜಿಲ್ಲೆಗಳನ್ನು ಬೇರೊಂದು ಕಡತದಲ್ಲಿ ಇರಿಸಿ, 'ಡಾಕ್' ಫಂಕ್ಷನ್ನಿನಿಂದ ಅದನ್ನು ತೆರೆದು ಸೂಚಿಯೊಡನೆ ಹೊಂದಿಸಿದರೆ ಸಾಕು. ಆಗ ಕೆಂಚಾರ್ಲಹಳ್ಳಿಯ ಪ್ರತಿಯು ಎರಡೂ ಜಿಲ್ಲೆಗಳ ಹೆಸರಿನಲ್ಲಿ ದೊರೆಯುತ್ತದೆ.

ಇವೆಲ್ಲವುಗಳಿಂದ ತಿಳಿದುಬರುವುದು ಇಷ್ಟು: ಓಲೆಯಲ್ಲಿ ಇದ್ದುದನ್ನು ಇದ್ದಂತೆಯೇ ದಾಖಲಿಸಬೇಕು, ಸಮೀಕರಣವೆಲ್ಲವೂ ಪ್ರಶ್ನೆಯಲ್ಲಿ ನಡೆಯಬೇಕು. ಒಂದೊಂದು ಪ್ರಶ್ನೆಯೂ ವಸ್ತುವನ್ನು ಒಂದು ನಯದಿಂದ ನೋಡುತ್ತದೆ. ಆ ಒಂದು ನಯವನ್ನೇ ಪೂರ್ಣವಸ್ತುವೆಂದು ಗ್ರಹಿಸಿ ಮೂಲವನ್ನು ತಿದ್ದಿದರೆ ಅದು ನಯಾಭಾಸವಾಗುತ್ತದೆ. ಇಂದಿನ ಪ್ರಶ್ನೆಗೆ ಅನುಕೂಲವಾಗಲೆಂದು ಅಳಿಸಿದ ಒಂದು ಅಕ್ಷರವು, ನಾಳೆಯ ಸಂಶೋಧಕನು ಕೇಳಲಿರುವ ಪ್ರಶ್ನೆಗೆ ಏಕೈಕ ಉತ್ತರವಾಗಿರಬಹುದು.