ಕಂಪ್ಯೂಟರಿನ ಪಟ್ಟಿಯೂ ಅಡುಗೆಮನೆಯ ಡಬ್ಬಿಗಳೂ

ಹೊಸದಾಗಿ ಮನೆಗೆ ಬಂದ ಸೊಸೆಗೆ ಮೊದಲ ಕೆಲವು ದಿನ ಅಡುಗೆಮನೆಯಲ್ಲಿ ತೊಡಕಾಗುವುದು ಸಹಜ. ಬಿಸ್ಕತ್ತಿನ ಡಬ್ಬಿಯಲ್ಲಿ ಬೇಳೆ ಇರುತ್ತದೆ. ಕಾಫಿಪುಡಿಯ ಸೀಸೆಯಲ್ಲಿ ಮೆಂತ್ಯ ಇರುತ್ತದೆ. ಅತ್ತೆಯ ಕೈಗೆ ಕತ್ತಲೆಯಲ್ಲಿಯೂ ಸಿಗುವ ಸಾಸಿವೆ ಸೊಸೆಗೆ ಹಗಲಿನಲ್ಲಿ ಹುಡುಕಿದರೂ ಸಿಗದು. ಇದರಲ್ಲಿ ಸೊಸೆಯ ಬುದ್ಧಿಯ ಕೊರತೆ ಏನೂ ಇಲ್ಲ. ಡಬ್ಬಿಗಳನ್ನು ಜೋಡಿಸಿದವರು ತಮ್ಮ ಅನುಕೂಲಕ್ಕೆ ಜೋಡಿಸಿಕೊಂಡಿದ್ದಾರೆ, ಅಷ್ಟೆ. ಕಂಪ್ಯೂಟರಿನ ಪರದೆಯ ಮುಂದೆ ನಮ್ಮ ಮಕ್ಕಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ ಇದೆ.

ಹೆಲ್ಸಿಂಕಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991 ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಲೋಕವ್ಯಾಪಿಯಾಗಿದೆ. ಅದನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು, ನೆರೆಯವರಿಗೆ ಕೊಡಬಹುದು, ತಮಗೆ ಒಗ್ಗುವಂತೆ ತಿದ್ದಿಕೊಳ್ಳಬಹುದು. ಕೇರಳದಲ್ಲಿ 2001 ರಲ್ಲಿ ಮೊದಲಾದ ‘ಐಟಿ@ಸ್ಕೂಲ್’ ಯೋಜನೆ ಮುಂದೆ ಸರ್ಕಾರಿ ಶಾಲೆಗಳಿಗೆ ಇದನ್ನೇ ಒಪ್ಪಿಕೊಂಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲಿಯೇ ಕಲಿಯುತ್ತಿದ್ದಾರೆ. ನಮ್ಮ ತಮಿಳುನಾಡಿನಲ್ಲಿ 2011 ರಿಂದ ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪುಗಳನ್ನು ಹಂಚಿದಾಗ, ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ‘ಬಾಸ್’ ಎಂಬ ಲಿನಕ್ಸ್ ಅವುಗಳಲ್ಲಿ ಇದ್ದಿತು. ಆದರೂ ಡೆಂಕಣಿಕೋಟೆಯ ಸುತ್ತಿನ ಮನೆಗಳಲ್ಲಿ ಅದನ್ನು ತೆರೆದು ನೋಡಿದವರು ಕಡಮೆ. ಏಕೆಂದು ನಮಗೆ ತಿಳಿದದ್ದು ಒಬ್ಬ ಬಾಲೆಯಿಂದ.

ನಮ್ಮ ಶಾಲೆಯ ಕಂಪ್ಯೂಟರಿಗೆ ಲಿನಕ್ಸನ್ನು ಅಳವಡಿಸಿ, ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ದೊಡ್ಡ ಕೆಲಸ ಮಾಡಿದೆವೆಂದು ನಾವು ಹಿಗ್ಗಿದ್ದೆವು. ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ ಕ್ಯಾಲ್ಕುಲೇಟರನ್ನು ತೆರೆಯುವಂತೆ ಹೇಳಿದೆವು. ಅವಳು ಪಟ್ಟಿಯಲ್ಲಿ ‘ಶಿಕ್ಷಣ’ವನ್ನು ತೆರೆದಳು, ಮುಚ್ಚಿದಳು, ‘ಕಚೇರಿ’ಯನ್ನು ತೆರೆದಳು, ಮುಚ್ಚಿದಳು. ಅದು ಇದ್ದದ್ದು ‘ಪರಿಕರಗಳು’ ಎಂಬ ವಿಭಾಗದಲ್ಲಿ. “ಲೆಕ್ಕ ಪಾಠವಲ್ಲವೇ ಮೇಷ್ಟ್ರೇ, ಅದಕ್ಕೇ ಶಿಕ್ಷಣದಲ್ಲಿ ಹುಡುಕಿದೆ” ಎಂದಳು. “ಪರಿಕರ ಎಂದರೇನು?” ಎಂಬುದು ಅವಳ ಮುಂದಿನ ಪ್ರಶ್ನೆ. ನಾವು ನಿರುತ್ತರರಾದೆವು. ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ಕರೆದೊಯ್ಯಬೇಕೆಂದು ಶಿಕ್ಷಕರ ತರಬೇತಿಯಲ್ಲಿ ಕಲಿತ ನಾವೇ, ತಿಳಿಯದ ಮಾತನ್ನು ಬಾಗಿಲಲ್ಲಿಯೇ ತೂಗುಹಾಕಿದ್ದೆವು.

ಪದದ ತೊಡಕು ಅಲ್ಲಿಗೇ ಮುಗಿಯಲಿಲ್ಲ. ಫೈಲ್ ಎಂಬುದಕ್ಕೆ ಪರದೆಯ ಕನ್ನಡದಲ್ಲಿ ‘ಕಡತ’ ಎಂದಿದೆ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಅದು ಬಳಕೆಯ ಮಾತು. ತಾಲ್ಲೂಕು ಕಚೇರಿಯಲ್ಲಿ ತಮಿಳನ್ನೇ ಕಾಣುವ ನಮ್ಮ ಮಕ್ಕಳಿಗೆ ಅದು ಕೇಳರಿಯದ ಮಾತು. ಅನುವಾದಕರನ್ನು ನಾವು ದೂರುವುದಿಲ್ಲ. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಸಾವಿರಾರು ಮಾತುಗಳನ್ನು ಕನ್ನಡಕ್ಕೆ ತಂದವರು ಅವರಲ್ಲಿ ಅನೇಕರು. ಆದರೆ ಗಡಿಯಾಚೆಯ ಮಗು ಅವರ ಕಣ್ಣೆದುರು ಇರಲಿಲ್ಲ. ಮೇಲಾಗಿ ಗಿಂಪ್, ಎವಿನ್ಸ್, ಕಾಲ್ಜಿಯಂ ಎಂಬ ಹೆಸರುಗಳು ಯಾವ ಭಾಷೆಯವರಿಗೂ ಏನನ್ನೂ ಹೇಳುವುದಿಲ್ಲ. ಮೊದಲನೆಯದು ಚಿತ್ರ ತಿದ್ದಲು, ಎರಡನೆಯದು ಪುಸ್ತಕದ ಪುಟಗಳನ್ನು ಓದಲು, ಮೂರನೆಯದು ಧಾತುಗಳ ಆವರ್ತಕೋಷ್ಟಕವನ್ನು ನೋಡಲು!

ಇದಕ್ಕೆ ಪರಿಹಾರ ನಮ್ಮ ಕೈಯಲ್ಲಿಯೇ ಇದೆ ಎಂಬುದೇ ಲಿನಕ್ಸಿನ ಹಿರಿಮೆ. ಪಟ್ಟಿಯಲ್ಲಿ ಕಾಣುವ ಪ್ರತಿಯೊಂದು ಅನ್ವಯಕ್ಕೂ ‘ಡೆಸ್ಕ್‌ಟಾಪ್’ ಎಂಬ ಬಾಲವಿರುವ ಒಂದು ಪುಟ್ಟ ಬರಹ ಇರುತ್ತದೆ. ಅದರಲ್ಲಿ ‘ನೇಮ್’ ಎಂಬ ಸಾಲು ಹೆಸರನ್ನು ಹೇಳುತ್ತದೆ. ‘ಕಾಮೆಂಟ್’ ಎಂಬ ಸಾಲು ಉಪಯೋಗವನ್ನು ಹೇಳುತ್ತದೆ. ‘ಕ್ಯಾಟಗರೀಸ್’ ಎಂಬ ಸಾಲು ಯಾವ ವಿಭಾಗವೆಂದು ಹೇಳುತ್ತದೆ. ‘ನೇಮ್’ ಎಂಬುದರ ಪಕ್ಕದಲ್ಲಿ ಚೌಕದ ಆವರಣದೊಳಗೆ ‘ಕೆಎನ್’ ಎಂಬ ಎರಡು ಅಕ್ಷರಗಳನ್ನಿಟ್ಟು ಬರೆದ ಹೆಸರು, ಕನ್ನಡವನ್ನು ಆರಿಸಿಕೊಂಡವರಿಗೆ ಮಾತ್ರ ಕಾಣುತ್ತದೆ. ಒಂದು ಅನ್ವಯವನ್ನು ಎರಡು ವಿಭಾಗಗಳಲ್ಲಿ ಇಡುವುದಕ್ಕೂ ಅಡ್ಡಿಯಿಲ್ಲ.

ನಾವು ಮಾಡಿದ್ದು ಇಷ್ಟೆ. ಮೂಲ ಬರಹಗಳನ್ನು ಮುಟ್ಟದೆ, ಅವುಗಳ ಪ್ರತಿಗಳನ್ನು ನಮ್ಮ ಬಳಕೆದಾರನ ಕೋಶಕ್ಕೆ ತೆಗೆದುಕೊಂಡೆವು. ಮೂಲವನ್ನೇ ತಿದ್ದಿದರೆ ಹೊಸ ಆವೃತ್ತಿ ಬಂದಾಗ ಶ್ರಮವೆಲ್ಲ ಅಳಿಸಿಹೋಗುತ್ತದೆ. ಬಳಿಕ ಗಿಂಪಿನ ಹೆಸರಿನ ಮುಂದೆ ‘ಚಿತ್ರ ತಿದ್ದುವುದು’ ಎಂದು ಸೇರಿಸಿದೆವು. ಮೂಲ ಹೆಸರನ್ನು ತೆಗೆಯಲಿಲ್ಲ. ನಾಳೆ ಬೇರೆ ಊರಿನ ಕಂಪ್ಯೂಟರಿನ ಮುಂದೆ ಕುಳಿತಾಗ ಮಗು ಕಂಗೆಡಬಾರದಷ್ಟೆ. ಕ್ಯಾಲ್ಕುಲೇಟರನ್ನು ‘ಶಿಕ್ಷಣ’ದಲ್ಲಿಯೂ ಕಾಣುವಂತೆ ಮಾಡಿದೆವು. ಮಕ್ಕಳಿಗೆ ಬೇಡವಾದವುಗಳನ್ನು ಮರೆಮಾಡಿದೆವು. ಬರಹಗಳನ್ನು ಕೈಯಾರೆ ತಿದ್ದಲು ಅಂಜುವವರಿಗೆ ‘ಮೆನುಲಿಬ್ರೆ’ ಎಂಬ ಸಲಕರಣೆ ಉಚಿತವಾಗಿ ದೊರೆಯುತ್ತದೆ.

ಪರೀಕ್ಷಿಸುವ ಬಗೆಯೂ ಸುಲಭ. ಒಂದು ಮಗುವನ್ನು ಕೂರಿಸಿ, “ಅಜ್ಜಿಗೊಂದು ಕಾಗದ ಬರೆ” ಎಂದಷ್ಟೇ ಹೇಳಿ, ಪಕ್ಕದಲ್ಲಿ ಮೌನವಾಗಿರಬೇಕು. ಎಷ್ಟು ಬಾಗಿಲುಗಳನ್ನು ತಪ್ಪಾಗಿ ತೆರೆಯಿತೆಂಬುದನ್ನು ಬರೆದುಕೊಳ್ಳಬೇಕು. ಮೌನವಾಗಿರುವುದೇ ಕಷ್ಟ, ಮೇಷ್ಟರ ನಾಲಿಗೆ ಸುಮ್ಮನಿರದು. ದೊಡ್ಡ ಸಂಸ್ಥೆಗಳು ಅನುಸರಿಸುವುದೂ ಇದೇ ಕ್ರಮ. 2001 ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ ‘ಗ್ನೋಮ್’ ಪರದೆಯನ್ನು ಹೀಗೆಯೇ ಬಳಕೆದಾರರ ಮುಂದಿಟ್ಟು ಅದರ ಲೋಪಗಳನ್ನು ಬಯಲಿಗೆ ತಂದಿತ್ತು.

ನಮ್ಮ ಮನೆಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಜಗಲಿಯ ಮೇಲೆ ಕುಳಿತಿರುತ್ತವೆ. ಒಂದೇ ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ತೆರೆದು, ಅವರವರ ಭಾಷೆಯನ್ನು ಆರಿಸಬಹುದು. ಅಣ್ಣನ ತಮಿಳಿಗೆ ತಂಗಿಯ ಕನ್ನಡ ಅಡ್ಡಬರುವುದಿಲ್ಲ.

ನಮ್ಮ ಮಕ್ಕಳು ಕನ್ನಡ ಲಿಪಿಯನ್ನು ಕಾಣುವ ಸ್ಥಳಗಳು ಈಗ ಕಡಮೆಯಾಗುತ್ತಿವೆ. ಅಂಗಡಿಯ ಹಲಗೆಯಲ್ಲಿಲ್ಲ, ಬಸ್ಸಿನ ಮೇಲಿಲ್ಲ. ದಿನವೂ ತೆರೆಯುವ ಪರದೆಯಲ್ಲಾದರೂ ಅದು ಇರಲಿ, ಇದ್ದರೆ ಅರ್ಥವಾಗುವಂತಿರಲಿ. ಅರ್ಥವಾಗದ ಕನ್ನಡವನ್ನು ಕಂಡ ಮಗು, ತನಗೆ ಕನ್ನಡವೇ ಬಾರದೆಂದು ತಿಳಿದು ಇಂಗ್ಲಿಷಿಗೆ ತಿರುಗಿಕೊಳ್ಳುತ್ತದೆ. ಆ ತಪ್ಪು ಮಗುವಿನದಲ್ಲ, ಡಬ್ಬಿಗೆ ಚೀಟಿ ಅಂಟಿಸಿದ ನಮ್ಮದು. ಈ ಭಾನುವಾರ ಓದುಗರು ತಮ್ಮ ಮನೆಯ ಮಗುವನ್ನು ಪರದೆಯ ಮುಂದೆ ಕೂರಿಸಿ, ಒಂದು ಗಳಿಗೆ ಮೌನವಾಗಿ ನೋಡಲಿ.