ಹಾಪ್-ಅಪ್ ಹೆಚ್ಚಿಸಿದರೆ ಗುಂಡಿನ ವೇಗ ಏಕೆ ಇಳಿಯುತ್ತದೆ?

ಗಾಳಿಯ ಅಥವಾ ಗ್ಯಾಸಿನ ಒತ್ತಡದಿಂದ 6 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕಿಗೆ ಏರ್‌ಸಾಫ್ಟ್ ಎನ್ನುತ್ತಾರೆ. ನಿಜವಾದ ಬಂದೂಕು ಇಟ್ಟುಕೊಳ್ಳಲು ಕಾನೂನು ಬಹಳ ಬಿಗಿಯಾಗಿರುವ ಜಪಾನಿನಲ್ಲಿ ಈ ಆಟ ಬೆಳೆಯಿತು. ಅಲ್ಲಿನ ಟೋಕಿಯೊ ಮರುಯಿ ಕಂಪನಿ 1991ರಲ್ಲಿ ಬ್ಯಾಟರಿ ಮೋಟಾರಿನಿಂದ ನಡೆಯುವ ತನ್ನ ಮೊದಲ ಬಂದೂಕನ್ನು ಮಾರುಕಟ್ಟೆಗೆ ತಂದಿತು. ನಮ್ಮ ಮೊಹಲ್ಲಾಗಳಲ್ಲಿ ರಂಜಾನ್ ಈದ್ ದಿನ ಮಕ್ಕಳು ಈದಿ ಹಣದಿಂದ ಕೊಳ್ಳುವ, ಹಳದಿ ಛರ್ರೆ ಹಾರಿಸುವ ಪಿಸ್ತೂಲು ಇದೇ ಜಾತಿಯದು.

ನಾನು ಕಾಮರ್ಸ್ ವಿದ್ಯಾರ್ಥಿ. ಈ ವಿಷಯಕ್ಕೆ ಕೈ ಹಾಕಿದ್ದು ನನ್ನ ತಮ್ಮ ತಂದ ಒಂದು ಪಿಸ್ತೂಲಿನಿಂದ. "ಇದರಲ್ಲಿ ಹಾಪ್-ಅಪ್ ಇದೆ ಅಮ್ಮಾ, ಅದನ್ನು ಜಾಸ್ತಿ ಮಾಡಿದರೆ ಸ್ಪೀಡ್ ಕಡಿಮೆಯಾಗುತ್ತದೆ, ಏನೂ ಭಯ ಇಲ್ಲ" ಎಂದು ಅಂಗಡಿಯವರು ಅಮ್ಮಿಗೆ ಹೇಳಿ ಕಳಿಸಿದ್ದರು. ಅವರ ಮಾತಿನ ಮೊದಲರ್ಧ ನಿಜ.

ಬಂದೂಕಿನ ನಳಿಗೆಯ ಹಿಂತುದಿಯಲ್ಲಿ ಒಂದು ರಬ್ಬರ್ ಕೊಳವೆ ಇರುತ್ತದೆ. ಅದರ ಮೇಲ್ಭಾಗದಲ್ಲಿ ಸಣ್ಣ ಉಬ್ಬು. ಹೊರಗಿನ ಚಕ್ರವನ್ನೋ ತಿರುಪನ್ನೋ ತಿರುಗಿಸಿದರೆ ಈ ಉಬ್ಬು ಕೆಳಗಿಳಿಯುತ್ತದೆ. ಹಿಂದಿನಿಂದ ಗಾಳಿ ತಳ್ಳಿದಾಗ ಗುಂಡು ಈ ಉಬ್ಬಿಗೆ ಉಜ್ಜಿಕೊಂಡೇ ಹೊರಡಬೇಕು. ಗುಂಡಿನ ನೆತ್ತಿ ಅಲ್ಲಿ ತಡೆಯುತ್ತದೆ, ಕೆಳಭಾಗ ಮುಂದೆ ಓಡುತ್ತದೆ. ಹೀಗಾಗಿ ಗುಂಡು ಮುಂದಕ್ಕೆ ಹೋಗುತ್ತಲೇ ಹಿಂದಕ್ಕೆ ಸುತ್ತುತ್ತದೆ. ಹಿಂದಕ್ಕೆ ಸುತ್ತುವ ಗುಂಡು ತನ್ನ ಸುತ್ತಲಿನ ಗಾಳಿಯನ್ನು ಕೆಳಗೆ ತಳ್ಳುತ್ತದೆ, ಗಾಳಿ ಗುಂಡನ್ನು ಮೇಲೆ ಎತ್ತುತ್ತದೆ. ಲೆಗ್ ಸ್ಪಿನ್ನರ್‌ನ ಟಾಪ್ ಸ್ಪಿನ್ ಚೆಂಡು ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಮೊದಲೇ ಇಳಿಯುವುದನ್ನು ನೋಡಿದ್ದೀರಲ್ಲ, ಇಲ್ಲಿ ಸುತ್ತು ಅದಕ್ಕೆ ತಿರುಗುಮುರುಗು.

ಈ ಎತ್ತುವಿಕೆ ಏಕೆ ಬೇಕು? ಸೆಕೆಂಡಿಗೆ 90 ಮೀಟರ್ ವೇಗದ ಗುಂಡು 30 ಮೀಟರ್ ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಅಷ್ಟರಲ್ಲಿ ಅದು ಅರ್ಧ ಮೀಟರಿಗಿಂತ ಹೆಚ್ಚು ಕೆಳಗೆ ಬೀಳುತ್ತದೆ. ಗಾಳಿ ತಡೆಯುವುದರಿಂದ ನಿಜವಾಗಿ ಇನ್ನೂ ಹೆಚ್ಚು. ಹಾಪ್-ಅಪ್ ಸರಿಯಾಗಿದ್ದರೆ ಅದೇ ಗುಂಡು ಬಹಳ ದೂರ ನೇರವಾಗಿ ಹೋಗುತ್ತದೆ. ಅತಿಯಾದರೆ ಗಾಳಿಪಟದಂತೆ ಮೇಲಕ್ಕೇರಿ ಆಮೇಲೆ ಬೀಳುತ್ತದೆ. ಭಾರದ ಗುಂಡಿಗೆ ಹೆಚ್ಚು ಸುತ್ತು ಬೇಕು, ಹಗುರದ್ದಕ್ಕೆ ಕಡಿಮೆ ಸಾಕು.

ಈಗ ವೇಗದ ಲೆಕ್ಕ. ಗಾಳಿ ಕೊಡುವ ಶಕ್ತಿಗೆ ಮಿತಿ ಇದೆ. ಉಜ್ಜಾಟದಲ್ಲಿ ಅದರ ಒಂದು ಪಾಲು ಹೋಗುತ್ತದೆ, ಸುತ್ತಿಸಲು ಇನ್ನೊಂದು ಸಣ್ಣ ಪಾಲು. ಉಳಿದದ್ದೇ ವೇಗ. ಆದ್ದರಿಂದ ಚಕ್ರವನ್ನು ಹೆಚ್ಚು ತಿರುಗಿಸಿದಷ್ಟೂ ನಳಿಗೆಯ ಬಾಯಲ್ಲಿ ವೇಗ ಇಳಿಯುತ್ತದೆ. ಇದರಲ್ಲೂ ಒಂದು ವಿಚಿತ್ರವಿದೆ: ಹಾಪ್-ಅಪ್ ಪೂರ್ತಿ ತೆಗೆದರೆ ಕೆಲವು ಬಂದೂಕುಗಳಲ್ಲಿ ವೇಗ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಹಿಡಿದಿಡುವ ಉಬ್ಬು ಇಲ್ಲದೆ, ಒತ್ತಡ ತುಂಬುವ ಮೊದಲೇ ಗುಂಡು ಜಾರಿ ಹೊರಡುತ್ತದೆ.

ಇನ್ನು ಅಪಾಯದ ಮಾತು. ಪೆಟ್ಟನ್ನು ಅಳೆಯುವುದು ವೇಗದಿಂದಲ್ಲ, ಶಕ್ತಿಯಿಂದ, ಅಂದರೆ ಜೌಲ್‌ನಲ್ಲಿ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. 0.2 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ಹೋದರೆ ಸರಿಯಾಗಿ 1 ಜೌಲ್. ಹಾಪ್-ಅಪ್‌ನಿಂದ ವೇಗ 90ಕ್ಕೆ ಇಳಿಯಿತು ಎನ್ನೋಣ, ಶಕ್ತಿ 0.81 ಜೌಲ್. ವೇಗದಲ್ಲಿ ಶೇಕಡಾ 10 ಕಡಿತ, ಶಕ್ತಿಯಲ್ಲಿ ಶೇಕಡಾ 19. ಕಡಿತ ದೊಡ್ಡದೇ. ಆದರೆ ಉಳಿದ 0.81 ಜೌಲ್ ಬರಿಗಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಅಲ್ಲದೆ ಸುತ್ತಿನಿಂದಾಗಿ ಗುಂಡು ನೆಲಕ್ಕೆ ಬೀಳದೆ ದೂರ ಹೋಗುತ್ತದೆ, ಗಲ್ಲಿಯ ಆ ತುದಿಯಲ್ಲಿರುವ ಮಗುವಿನವರೆಗೂ. "ಏನೂ ಭಯ ಇಲ್ಲ" ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಜಪಾನ್ 2006ರಲ್ಲಿ ತನ್ನ ಶಸ್ತ್ರ ಕಾನೂನಿಗೆ ತಿದ್ದುಪಡಿ ಮಾಡಿ ಈ ಗುಂಡುಗಳಿಗೆ ಹೆಚ್ಚುಕಡಿಮೆ 0.98 ಜೌಲ್ ಮಿತಿ ಇಟ್ಟಿತು. 0.2 ಗ್ರಾಂ ಗುಂಡಿಗೆ ಅದು ಸೆಕೆಂಡಿಗೆ 99 ಮೀಟರ್, 0.25 ಗ್ರಾಂ ಗುಂಡಿಗೆ 88. ಆದ್ದರಿಂದ ಗುಂಡಿನ ತೂಕ ಹೇಳದೆ ಬರೀ ವೇಗ ಹೇಳಿದರೆ ಅರ್ಥವಿಲ್ಲ. ಹಾಪ್-ಅಪ್ ಬಿಗಿ ಮಾಡಿ ವೇಗ ಅಳೆಸಿ, ಆಮೇಲೆ ಸಡಿಲಿಸಿ ಆಡುವುದು ಶುದ್ಧ ಮೋಸ. ಆಡುವಾಗ ಬಳಸುವ ಗುಂಡು, ಆಡುವಾಗಿನ ಹಾಪ್-ಅಪ್, ಎರಡರಲ್ಲೇ ಅಳೆಯಬೇಕು.

ಸುತ್ತುವ ಚೆಂಡು ಬಾಗುವುದಕ್ಕೆ 1852ರಲ್ಲಿ ಪ್ರಯೋಗ ಮಾಡಿದ ಜರ್ಮನಿಯ ಮ್ಯಾಗ್ನಸ್ ಹೆಸರಿದೆ. ಅವನಿಗಿಂತ ನೂರು ವರ್ಷ ಮೊದಲೇ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಗುಂಡುಗಳಲ್ಲಿ ಇದನ್ನು ಕಂಡಿದ್ದ. ತೂಗುವ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ತೂಗಿತೆಂದು ನೋಡಿ ವೇಗ ಲೆಕ್ಕ ಹಾಕಿದವನೂ ಅವನೇ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಬಂದು 1751ರಲ್ಲಿ ಕಡಲೂರಿನ ಬಳಿಯ ಕೋಟೆಯಲ್ಲಿ ತೀರಿಕೊಂಡ.

ದಿಮ್ಮಿಯ ಬದಲು ನಮಗೆ ಮೊಬೈಲ್ ಸಾಕು. 5 ಮೀಟರ್ ದೂರದಲ್ಲಿ ಒಂದು ತಗಡು ನಿಲ್ಲಿಸಿ, ಮೊಬೈಲನ್ನು ಪಿಸ್ತೂಲಿನ ಪಕ್ಕದಲ್ಲಿಟ್ಟು ಶಬ್ದ ರೆಕಾರ್ಡ್ ಮಾಡಬೇಕು. ಹೊಡೆದ ಸದ್ದಿಗೂ ತಗಡಿನ ಸದ್ದಿಗೂ ನಡುವೆ 0.115 ಸೆಕೆಂಡ್ ಬಂತೆನ್ನಿ. ತಗಡಿನ ಸದ್ದು ಹಿಂದಿರುಗಲು ಹಿಡಿದ 0.015 ಸೆಕೆಂಡ್ ಕಳೆಯಿರಿ. 5 ಮೀಟರಿಗೆ 0.1 ಸೆಕೆಂಡ್, ಅಂದರೆ ಸರಾಸರಿ ವೇಗ ಸೆಕೆಂಡಿಗೆ 50 ಮೀಟರ್. ಹಾಪ್-ಅಪ್ ಬದಲಿಸಿ ಹತ್ತು ಹತ್ತು ಸಲ ಅಳೆದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಗುಂಡು ತಗಡಿಗೆ ಬಡಿದು ಹಿಂದಕ್ಕೂ ಚಿಮ್ಮುತ್ತದೆ. ಹಾಗಾಗಿ ಸುತ್ತ ನಿಂತವರೆಲ್ಲರೂ ಕಣ್ಣಿಗೆ ಪೂರ್ತಿ ಮುಚ್ಚುವ ಗಟ್ಟಿ ಗಾಗಲ್ ಹಾಕಿರಬೇಕು, ಓದುವ ಕನ್ನಡಕ ಸಾಲದು. ನಮ್ಮ ಮನೆಯ ಪಿಸ್ತೂಲು ಈಗ ಅಬ್ಬಾನ ಬೀರುವಿನಲ್ಲಿದೆ. ಗಾಗಲ್ ಬಂದ ಮೇಲೆ ತೆಗೆದುಕೊಡುವುದಾಗಿ ಹೇಳಿದ್ದಾರೆ. ಸೈನ್ಸ್ ವಿಭಾಗದವರು ಯಾರಾದರೂ ಜೊತೆಗೆ ಬರುವುದಾದರೆ ತಗಡು ನಾನು ತರುತ್ತೇನೆ.